ಸ್ಟಾನ್ಲಿ ಜೋನ್ಸ್ ಕುರಿತು ಬರೆಯುತ್ತಿರುವ ಗೆಳೆಯರಿಗೆ

ಪ್ರಿಯ ಗೆಳೆಯರೆ,

ನಮಸ್ಕಾರ. ನಿಮ್ಮ ಪುಸ್ತಕದ ಹಸ್ತಪ್ರತಿ ತಲುಪಿ ಹತ್ತು ದಿನವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮೆ ಇರಲಿ, ಎರಡು ಸಲ ಓದದೆ ಬರೆಯಬಾರದೆಂದು ತಡೆದುಕೊಂಡೆ. ಭಾರತದಲ್ಲಿ ದುಡಿದ ಅಮೆರಿಕದ ಮಿಷನರಿ ಇ. ಸ್ಟಾನ್ಲಿ ಜೋನ್ಸ್ ಅವರ ಬದುಕನ್ನು ಕನ್ನಡದಲ್ಲಿ ಹೇಳಬೇಕೆಂಬ ನಿಮ್ಮ ಆಸೆ ಒಳ್ಳೆಯದು. ಇಸವಿಗಳೂ ಸರಿಯಾಗಿವೆ: 1884ರಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ಹುಟ್ಟು, ಕೆಂಟಕಿಯ ಆಸ್ಬರಿ ಕಾಲೇಜಿನಲ್ಲಿ ಓದು, 1907ರಲ್ಲಿ ಲಖನೌದ ಲಾಲ್‌ಬಾಗ್ ಚರ್ಚಿಗೆ ಸಭಾಪಾಲಕರಾಗಿ (ಪಾದ್ರಿಯಾಗಿ) ಆಗಮನ. ಆದರೆ ನೂರ ನಲವತ್ತು ಪುಟಗಳಲ್ಲಿ ನಿಮ್ಮ ಜೋನ್ಸ್ ಒಂದು ಸಲವೂ ಎಡವುವುದಿಲ್ಲ. ಎಡವದ ಮನುಷ್ಯನ ಹಿಂದೆ ಓದುಗ ಎಷ್ಟು ದೂರ ನಡೆದಾನು?

ಅವರ ಮೊದಲ ಪ್ರಸಂಗದ, ಅಂದರೆ ಚರ್ಚಿನ ಉಪದೇಶದ, ಕಥೆಯನ್ನು ನೀವು ಎರಡೇ ಸಾಲಿನಲ್ಲಿ ಮುಗಿಸಿದ್ದೀರಿ. ನಾನಾಗಿದ್ದರೆ ಪುಸ್ತಕವನ್ನು ಅಲ್ಲಿಂದಲೇ ಆರಂಭಿಸುತ್ತಿದ್ದೆ. ಊರಿನ ಸಣ್ಣ ಚರ್ಚು, ತುಂಬ ನೆಂಟರಿಷ್ಟರು, ಹುಡುಗ ಚೆನ್ನಾಗಿ ಮಾತಾಡಲಿ ಎಂದು ಎಲ್ಲರಿಗೂ ಕಳವಳ. ಮೂರು ವಾರ ತಯಾರಿ ನಡೆಸಿದ್ದ ಯುವಕ ದೇವರ ಪರವಾಗಿ ವಕಾಲತ್ತು ವಹಿಸುವವನ ಠೀವಿಯಲ್ಲಿ ಏರುದನಿಯಿಂದಲೇ ಶುರುಮಾಡಿ, ಐದಾರು ವಾಕ್ಯವಾಗುವಷ್ಟರಲ್ಲಿ 'ಇಂಡಿಫರೆಂಟಿಸಂ' (ಉದಾಸೀನ ಭಾವ) ಎಂಬ, ಹಿಂದೆಂದೂ ತಾನು ಬಳಸದ ಭಾರಿ ಪದವೊಂದನ್ನು ಹಾಕಿಬಿಟ್ಟ. ಎದುರಿಗಿದ್ದ ಕಾಲೇಜು ಹುಡುಗಿಯೊಬ್ಬಳು ಮುಗುಳ್ನಕ್ಕು ತಲೆ ತಗ್ಗಿಸಿದಳು. ಅಷ್ಟೇ, ಮುಂದಿನ ಮಾತು ಪೂರ್ತಿ ಮರೆತುಹೋಯಿತು. ಕ್ಷಮೆ ಕೇಳಿ ಕೆಳಗಿಳಿಯಲು ಹೊರಟವನಿಗೆ, ದೇವರು ನಿನಗೆ ಏನೂ ಮಾಡಿಲ್ಲವೇ ಎಂದು ಒಳಗೆ ಯಾರೋ ಕೇಳಿದಂತಾಯಿತು. ತಿರುಗಿ ನಿಂತು, ಪ್ರಸಂಗ ಬಿಟ್ಟು, ತನಗೆ ಆದದ್ದನ್ನಷ್ಟೇ ಹೇಳಿದ. ತಾನು ಇರಬೇಕಾದದ್ದು ದೇವರ ವಕೀಲನಾಗಿ ಅಲ್ಲ, ಸಾಕ್ಷಿಯಾಗಿ ಎಂದು ಆ ದಿನ ತಿಳಿಯಿತೆಂದು ಅವರೇ ಮುಂದೆ ಬರೆದುಕೊಂಡಿದ್ದಾರೆ.

ನಿಮ್ಮ ಬರವಣಿಗೆಯ ಬಗ್ಗೆ ನನಗಿರುವ ತಕರಾರೂ ಇದೇ. ನೀವು ಜೋನ್ಸ್ ಪರ ವಕಾಲತ್ತು ವಹಿಸಿದ್ದೀರಿ. ಮಿಷನರಿಗಳ ಬಗ್ಗೆ ಈಗ ಬರೆಯುವವರು ಬಹುಪಾಲು ವಕೀಲರೇ, ಒಬ್ಬರು ಈ ಕಡೆಗೆ, ಇನ್ನೊಬ್ಬರು ಆ ಕಡೆಗೆ. 'ಮತಾಂತರ' ಎಂಬ ಪದವನ್ನು ಕಂಡ ಕೂಡಲೇ ಓದುಗ ಯಾವ ಕಡೆ ಕೂರಬೇಕೆಂದು ತೀರ್ಮಾನಿಸಿಬಿಡುತ್ತಾನೆ. ಜೋನ್ಸ್ ಹೆಸರು ಬದಲಿಸುವುದನ್ನೂ ಗುಣ ಬದಲಾಗುವುದನ್ನೂ ಬೇರೆಬೇರೆಯಾಗಿ ನೋಡಿದವರು. ಆದುದರಿಂದ ಆ ಪದ ಬರುವ ಪ್ರತಿಯೊಂದು ಕಡೆ ಅವರು ಯಾವುದನ್ನು ಹೇಳುತ್ತಿದ್ದಾರೆಂದು ನೋಡಿ, ಎರಡನೆಯದಾದರೆ 'ಮನಸ್ಸು ತಿರುಗುವುದು' ಎಂದೇ ಬರೆಯಿರಿ. ಹಾಗೆಂದು ಅವರು ಸುವಾರ್ತೆ ಸಾರಲು ಬಂದವರೆಂಬುದನ್ನು ಮರೆಮಾಚಲೂ ಬೇಡಿ.

ಇನ್ನೊಂದು ತಪ್ಪು ನನ್ನಿಂದಲೇ ಆಗಿತ್ತು, ಆದ್ದರಿಂದ ಹೇಳುತ್ತೇನೆ. ಮೂವತ್ತು ವರ್ಷಗಳ ಹಿಂದೆ ಒಂದು ಲೇಖನದಲ್ಲಿ ಮೈಸೂರಿನ ವೆಸ್ಲಿ ಪ್ರೆಸ್ಸನ್ನೂ ಕೋಲಾರದ ಮಿಷನ್ ಆಸ್ಪತ್ರೆಯನ್ನೂ ಒಂದೇ ಲೆಕ್ಕಕ್ಕೆ ಸೇರಿಸಿದ್ದೆ. ಕೋಲಾರದ ಕಡೆಯ ನಿವೃತ್ತ ಸಭಾಪಾಲಕರೊಬ್ಬರು ಕಾರ್ಡು ಬರೆದು ತಿದ್ದಿದರು: ಇಬ್ಬರೂ ಜಾನ್ ವೆಸ್ಲಿಯ ದಾರಿಯ ಮೆಥಡಿಸ್ಟರೇ ಆದರೂ ಮೈಸೂರಿನವರು ಇಂಗ್ಲೆಂಡಿನ ವೆಸ್ಲಿಯನ್ನರು, ನಾವು ಅಮೆರಿಕದಿಂದ ಬಂದ ಎಪಿಸ್ಕೋಪಲ್ ಮೆಥಡಿಸ್ಟರು, ಅವರಿಗೆ ಬಿಷಪ್ ಇರಲಿಲ್ಲ, ನಮಗೆ ಇದ್ದರು. ವೆಸ್ಲಿಯನ್ ಸಭೆಗಳು 1947ರಲ್ಲಿ, ಹಲವು ಪ್ರೊಟೆಸ್ಟೆಂಟ್ ಸಭೆಗಳು ಕೂಡಿ ಆದ ದಕ್ಷಿಣ ಭಾರತ ಸಭೆಯೊಳಗೆ (ಸಿ.ಎಸ್.ಐ.) ಸೇರಿಹೋದವು. ಕೋಲಾರ, ಬೀದರ್ ಕಡೆಯ ಸಭೆಗಳು ಸೇರದೆ ಮೆಥಡಿಸ್ಟರಾಗಿಯೇ ಉಳಿದವು. ಜೋನ್ಸ್ ಈ ಎರಡನೆಯ ಬಳಗದವರು. ನೀವು ಅವರನ್ನು ಬರೀ 'ಮೆಥಡಿಸ್ಟ್' ಎಂದು ಕರೆದು ಮುಂದೆ ಹೋಗಿರುವುದರಿಂದ 1928ರ ಘಟನೆ ಓದುಗನಿಗೆ ಅರ್ಥವಾಗುವುದೇ ಇಲ್ಲ. ಕಾನ್ಸಾಸ್ ಸಿಟಿಯ ಮಹಾಸಮ್ಮೇಳನದಲ್ಲಿ ಅವರನ್ನು ಬಿಷಪ್ಪರನ್ನಾಗಿ ಆರಿಸಿದರು; ದೀಕ್ಷೆಗೆ ಮುನ್ನವೇ ಅವರು ರಾಜೀನಾಮೆ ಕೊಟ್ಟರು. ನೀವು ಇದನ್ನು 'ಮಹಾತ್ಯಾಗ' ಎಂದಿದ್ದೀರಿ. ಸಭೆಯ ಅತಿ ದೊಡ್ಡ ಪದವಿ ಕೈಗೆ ಬಂದಾಗ ಅದು ತನ್ನ ಕೆಲಸವಲ್ಲವೆಂದು ಕಂಡುಕೊಂಡವನ ಇಕ್ಕಟ್ಟನ್ನು ಬರೆಯಿರಿ, ತ್ಯಾಗವೋ ಅಲ್ಲವೋ ಓದುಗನೇ ಹೇಳುತ್ತಾನೆ.

ಅದಕ್ಕಿಂತ ದೊಡ್ಡ ಗೈರುಹಾಜರಿ ಅವರ ಕುಸಿತದ್ದು. ಎಂಟು ವರ್ಷ ದುಡಿದ ಮೇಲೆ ನರಗಳ ಬಳಲಿಕೆಯಿಂದ ಮತ್ತೆ ಮತ್ತೆ ಕುಸಿದುಬಿದ್ದು, ಅಮೆರಿಕಕ್ಕೆ ಹೋಗಿ ವಿಶ್ರಾಂತಿ ಪಡೆದು ಬಂದರೂ ಗುಣವಾಗದೆ, ಕೆಲಸ ಬಿಟ್ಟು ಎಲ್ಲಾದರೂ ಬೇಸಾಯ ಮಾಡಿಕೊಂಡಿರಬೇಕೇನೋ ಎನ್ನುವ ಸ್ಥಿತಿಗೆ ಬಂದಿದ್ದರು. ಲಖನೌದ ಚರ್ಚಿನಲ್ಲಿ ಪ್ರಾರ್ಥಿಸುತ್ತಿದ್ದಾಗ, ಈ ಕೆಲಸಕ್ಕೆ ನೀನು ಸಿದ್ಧನೋ ಎಂಬ ಪ್ರಶ್ನೆ ಕೇಳಿದಂತಾಗಿ, ಇಲ್ಲ, ನನ್ನಿಂದ ಮುಗಿಯಿತು ಎಂದೇ ಅವರು ಉತ್ತರಿಸಿದ್ದು. ಚಿಂತೆಯನ್ನು ನನಗೆ ಬಿಡು ಎಂಬ ಮಾತಿಗೆ ಒಪ್ಪಿ ಎದ್ದರು. ನೀವು ನಂಬುವವರೋ ಅಲ್ಲವೋ ನನಗೆ ಗೊತ್ತಿಲ್ಲ. ನಾನೂ ಈ ಘಟನೆಯನ್ನು ಅವರು ಹೇಳಿದಂತೆಯೇ ಹೇಳುತ್ತೇನೆ, ವೈದ್ಯನಂತೆ ಬಿಡಿಸಿ ನೋಡುವುದಿಲ್ಲ. 1950ರಲ್ಲಿ ಅದೇ ಲಖನೌದಲ್ಲಿ ಮನೋರೋಗ ಚಿಕಿತ್ಸೆಗಾಗಿ ನೂರ್ ಮಂಜಿಲ್ ಎಂಬ ಕೇಂದ್ರ ತೆರೆಯಲು ಅವರೇ ಮುಂದಾದರು. ನಿಮ್ಮ ಪುಸ್ತಕದಲ್ಲಿ ನೂರ್ ಮಂಜಿಲ್ ಸಂಸ್ಥೆಗಳ ಪಟ್ಟಿಯಲ್ಲಿ ಒಂದು ಹೆಸರು ಮಾತ್ರ. ಕುಸಿತದ ಅಧ್ಯಾಯ ಇದ್ದಿದ್ದರೆ ಆ ಹೆಸರಿಗೆ ಜೀವ ಬರುತ್ತಿತ್ತು.

ಗಾಂಧೀಜಿಯ ಅಧ್ಯಾಯ ಹಾರ ಹಾಕಿದಂತಿದೆ. ಭಾರತದಲ್ಲಿ ಕ್ರೈಸ್ತಧರ್ಮ ಪರಕೀಯವಾಗಿ ಉಳಿಯದಿರಲು ಏನು ಮಾಡಬೇಕೆಂದು ಜೋನ್ಸ್ ಕೇಳಿದ್ದು, ಮೊದಲು ನೀವೆಲ್ಲ ಯೇಸುವಿನಂತೆ ಬದುಕಲು ಆರಂಭಿಸಿ ಎಂದು ಗಾಂಧೀಜಿ ಸಲಹೆ ಕೊಟ್ಟದ್ದು ನಿಮ್ಮಲ್ಲಿದೆ. ಆದರೆ ಅದೇ ಜೋನ್ಸ್, ನೀವು ತತ್ವಗಳನ್ನು ಹಿಡಿದಿದ್ದೀರಿ, ವ್ಯಕ್ತಿಯನ್ನು (ಯೇಸುವನ್ನು) ಕಾಣಲಿಲ್ಲ ಎಂದು ಗಾಂಧೀಜಿಗೆ ನೇರವಾಗಿ ಬರೆದದ್ದು, ಗಾಂಧೀಜಿ ಅದರ ಹಿಂದಿನ ಪ್ರೀತಿಯನ್ನು ಮೆಚ್ಚಿಯೂ ಒಪ್ಪದೆ ಉಳಿದದ್ದು ಏಕೆ ಬಿಟ್ಟುಹೋಯಿತು? ಒಪ್ಪದೆಯೂ ಸ್ನೇಹ ಉಳಿಸಿಕೊಂಡವರ ಬಗ್ಗೆ ಬರೆಯುವಾಗ ಒಪ್ಪದ ಭಾಗವನ್ನು ತೆಗೆದರೆ ಸ್ನೇಹವೂ ಸಪ್ಪೆಯಾಗುತ್ತದೆ. 1948ರಲ್ಲಿ ಜೋನ್ಸ್ ಗಾಂಧಿಯ ಬಗ್ಗೆ ಬರೆದ ಪುಸ್ತಕ ಮಾರ್ಟಿನ್ ಲೂಥರ್ ಕಿಂಗ್ ಅವರ ಕೈ ಸೇರಿದ ಸಂಗತಿಯನ್ನು ಒಂದು ಸಾಲಿನಲ್ಲಿ ಇರಿಸಿದ್ದೀರಿ, ಅಷ್ಟು ಸಾಕು.

ನೈನಿತಾಲ್ ಬಳಿಯ ಸಾತ್ ತಾಲ್ ಆಶ್ರಮವನ್ನು, ಅದು 1930ರಲ್ಲಿ ಆರಂಭವಾದದ್ದು, ನೀವು ಬೆಟ್ಟ, ಕೆರೆ, ಮಂಜು ಎಂದು ವರ್ಣಿಸಿದ್ದೀರಿ. ಚೆನ್ನಾಗಿದೆ, ಆದರೆ ಮಂಜು ಎಲ್ಲ ಬೆಟ್ಟದಲ್ಲೂ ಇರುತ್ತದೆ. ಅಲ್ಲಿ ವಾರಕ್ಕೊಂದು ದಿನ ಪಾಯಖಾನೆ ತೊಳೆಯುವವನಿಗೆ ರಜೆ ಇರುತ್ತಿತ್ತು. ಆ ದಿನ ಅವನ ಕೆಲಸವನ್ನು ಆಶ್ರಮಕ್ಕೆ ಬಂದವರೇ, ಯಾವ ಜಾತಿಯವರಾಗಲಿ ಯಾವ ದೇಶದವರಾಗಲಿ, ಸ್ವಇಚ್ಛೆಯಿಂದ ವಹಿಸಿಕೊಳ್ಳುತ್ತಿದ್ದರು. ಬಕೆಟ್ಟು, ಪೊರಕೆಗಳು ನಿಮ್ಮ ಪುಟದಲ್ಲಿ ಕಾಣಲಿ. ಅಸ್ಪೃಶ್ಯತೆಯ ಬಗ್ಗೆ ಜೋನ್ಸ್ ಏನು ಹೇಳಿದರೆಂಬ ನಿಮ್ಮ ಮೂರು ಪುಟಗಳನ್ನು ಆಗ ತೆಗೆದುಹಾಕಬಹುದು. ಅವರ ದುಂಡುಮೇಜಿನ ಗೋಷ್ಠಿಗಳನ್ನೂ ಹೀಗೆಯೇ ಹತ್ತಿರದಿಂದ ತೋರಿಸಿ: ಹಿಂದೂ, ಮುಸ್ಲಿಂ, ಕ್ರೈಸ್ತರೆಲ್ಲ ಸುತ್ತ ಕೂತು, ವಾದ ಮಾಡದೆ, ತಮ್ಮ ಧರ್ಮ ತಮಗೆ ಬದುಕಿನಲ್ಲಿ ಏನು ಕೊಟ್ಟಿದೆಯೆಂದು ಸರದಿಯಲ್ಲಿ ಹೇಳುವುದು. ಆ ಸಣ್ಣ ಚರ್ಚಿನಲ್ಲಿ ಮಾತು ಮರೆತ ಹುಡುಗನೇ ಇದನ್ನು ರೂಪಿಸಿದವನೆಂದು ಬಿಡಿಸಿ ಹೇಳುವ ಅಗತ್ಯವೂ ಬೀಳದು.

ಇನ್ನು ಜೋನ್ಸ್ ಅವರ ಹೆಂಡತಿ ಮೇಬಲ್ ಅವರ ವಿಷಯ. 1911ರಲ್ಲಿ ಮದುವೆಯಾದರು ಎಂಬಲ್ಲಿಗೆ ನೀವು ಅವರನ್ನು ಕೈಬಿಟ್ಟಿದ್ದೀರಿ. ಆಕೆ ಮದುವೆಗೆ ಮುಂಚೆಯೇ ಲಖನೌದಲ್ಲಿ ಪಾಠ ಹೇಳುತ್ತಿದ್ದವರು. ಮುಂದೆ ಉತ್ತರ ಪ್ರದೇಶದ ಸೀತಾಪುರದ ಗಂಡುಮಕ್ಕಳ ಶಾಲೆಯನ್ನು ದಶಕಗಳ ಕಾಲ ನಡೆಸಿ, ಹುಡುಗರಿಗೆ ಕಲಿಸಲು ಮಹಿಳಾ ಶಿಕ್ಷಕಿಯರನ್ನು ತಂದವರು. ಆ ಕಾಲದ ಸೀತಾಪುರದಲ್ಲಿ ಅದು ಸಣ್ಣ ಮಾತಲ್ಲ. ಗಂಡ ಊರೂರು ತಿರುಗಿ ಉಪನ್ಯಾಸ ಮಾಡುತ್ತಿದ್ದಾಗ ಶಾಲೆಗೆ ಹಣ ಬೇಡಿ ಕಾಗದ ಬರೆಯುತ್ತಿದ್ದವರು ಆಕೆ. ಧರ್ಮಶಿಕ್ಷಣದ ನಿಮ್ಮ ಅಧ್ಯಾಯ ಉಪನ್ಯಾಸಗಳಿಂದಲೇ ತುಂಬಿದೆ, ತರಗತಿಯೊಂದೂ ಇಲ್ಲ.

ಕೊನೆಯ ಅಧ್ಯಾಯವನ್ನು ಹಾಗೆಯೇ ಉಳಿಸಿಕೊಳ್ಳಿ, ಅಲ್ಲಿ ನೀವು ವಕೀಲರಾಗಿಲ್ಲ. 1971ರ ಡಿಸೆಂಬರಿನಲ್ಲಿ ಪಾರ್ಶ್ವವಾಯು ಬಡಿದು, ಮಾತೇ ಕಸುಬಾಗಿದ್ದ ಮನುಷ್ಯನ ನಾಲಿಗೆ ತೊದಲತೊಡಗಿದ್ದು, ಆ ತೊದಲುಮಾತಿನಲ್ಲೇ ಟೇಪ್ ರೆಕಾರ್ಡರಿಗೆ ಒಂದೊಂದೇ ವಾಕ್ಯ ಹೇಳಿ ಕೊನೆಯ ಪುಸ್ತಕ ಮುಗಿಸಿದ್ದು, 1973ರ ಜನವರಿ 25ರಂದು ಬರೇಲಿಯಲ್ಲಿ ತೀರಿಕೊಂಡದ್ದು ಎಲ್ಲವನ್ನೂ ವಿಶೇಷಣಗಳಿಲ್ಲದೆ ಬರೆದಿದ್ದೀರಿ. ಒಂದು ತಿದ್ದುಪಡಿ ಮಾತ್ರ: 'ಅಮರರಾದರು' ಎಂದಿರುವ ಕಡೆ 'ತೀರಿಕೊಂಡರು' ಎಂದು ಹಾಕಿ.

ತಿದ್ದಿದ ಪ್ರತಿ ಒಟ್ಟಿಗೆ ಬೇಡ. ಮೊದಲು ಸೀತಾಪುರದ ಅಧ್ಯಾಯ ಬರೆದು ಕಳುಹಿಸಿ, ಉಳಿದದ್ದರ ಬಗ್ಗೆ ಅದನ್ನು ಓದಿ ಮಾತಾಡೋಣ.

ನಿಮ್ಮ ವಿಶ್ವಾಸಿ