ಬಿಎಸ್‌ಎ ಕಂಟ್ರೋಲ್ ಇಲ್ಲದೆ ರನ್ ಬೇಡ

ಎಲ್ಲರಿಗೂ ನಮಸ್ಕಾರ. ಕ್ರಾಸ್‌ಲಿಂಕಿಂಗ್ ಮಾಸ್ ಸ್ಪೆಕ್ಟ್ರೋಮೆಟ್ರಿ (ಪ್ರೋಟೀನಿನಲ್ಲಿ ಹತ್ತಿರವಿರುವ ಭಾಗಗಳನ್ನು ರಾಸಾಯನಿಕವಾಗಿ ಜೋಡಿಸಿ, ಆ ಲಿಂಕ್‌ಗಳನ್ನು ತೂಕದಿಂದ ಗುರುತಿಸುವುದು) ಮಾಡುವವರು ಇದನ್ನೊಮ್ಮೆ ಪೂರ್ತಿ ಓದಿ. ಈ ವಿಧಾನದಲ್ಲಿ ಲ್ಯಾಬಿಗೊಂದು ಪ್ರೋಟೋಕಾಲ್, ಅದಕ್ಕೊಂದು ಸಾಫ್ಟ್‌ವೇರ್. 2019ರಲ್ಲಿ 32 ತಂಡಗಳು ಒಂದೇ ಪ್ರೋಟೀನ್, ಬಿಎಸ್‌ಎ (ಹಸುವಿನ ರಕ್ತದ ಅಲ್ಬುಮಿನ್), ಹಿಡಿದು ಮಾಡಿದ ಹೋಲಿಕೆ ಬಂದಿದ್ದೇ ಇದಕ್ಕೆ. ನಾವೂ ಪ್ರತಿ ಬ್ಯಾಚ್ ಜೊತೆ ಹೋಲಿಸಿ ನೋಡಲು ಕಂಟ್ರೋಲ್ ಆಗಿ ಬಿಎಸ್‌ಎ ಇಡೋಣ.

ಬಫರ್ ವಿಷಯದಲ್ಲಿ ರಾಜಿ ಬೇಡ: ಹೆಪೀಸ್ ಮಾತ್ರ. ಟ್ರಿಸ್ ಎಂಬ ಇನ್ನೊಂದು ಬಫರ್‌ನಲ್ಲಿ ಅಮೀನ್ (ಕ್ರಾಸ್‌ಲಿಂಕರ್ ಅಂಟಿಕೊಳ್ಳುವ ಗುಂಪು) ಇದೆ, ಪ್ರೋಟೀನಿನ ಲೈಸಿನ್ ಎಂಬ ಅಮೈನೋ ಆಮ್ಲಕ್ಕೆ ಮೊದಲು ಅದೇ ನಮ್ಮ ಕ್ರಾಸ್‌ಲಿಂಕರ್ ಬಿಎಸ್‌3 ನುಂಗಿಬಿಡುತ್ತದೆ. ಟ್ರಿಸ್ ಕೊನೆಗೆ ಕ್ರಿಯೆ ನಿಲ್ಲಿಸಲಷ್ಟೇ. ಬಿಎಸ್‌3 ನೀರಿನಲ್ಲಿ ಬೇಗ ಕೆಡುತ್ತದೆ, ಕರಗಿಸಿದ ತಕ್ಷಣ ಹಾಕಿ. ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು ನಾಳೆ ಬಳಸುವ ಉಳಿತಾಯ ದಯವಿಟ್ಟು ಬೇಡ!

ಸಿಕ್ಕ ಲಿಂಕ್‌ಗಳನ್ನು ಪ್ರೋಟೀನಿನ 3ಡಿ ರಚನೆಯ ಮೇಲೆ ಇಟ್ಟು ನೋಡಿ. ಎರಡು ಲೈಸಿನ್‌ಗಳ ಸಿ-ಆಲ್ಫಾ (ಅಮೈನೋ ಆಮ್ಲದ ನಡುವಿನ ಇಂಗಾಲ) ನಡುವೆ ಸುಮಾರು 30 ಆಂಗ್‌ಸ್ಟ್ರಾಮ್ ದಾಟಿದರೆ ಅನುಮಾನಿಸಿ. ಆದರೆ ದಾಟಿದ್ದೆಲ್ಲ ಸುಳ್ಳಲ್ಲ, ಪ್ರೋಟೀನ್ ಅಲುಗಾಡುತ್ತದೆ. ದೂರ ಸರಿಯಿದ್ದ ಮಾತ್ರಕ್ಕೆ ಲಿಂಕ್ ನಿಜ ಅಂತಲೂ ಅಲ್ಲ. ಎಫ್‌ಡಿಆರ್ (ಗುರುತಿಸಿದ ಲಿಂಕ್‌ಗಳಲ್ಲಿ ಸುಳ್ಳಿನ ಪ್ರಮಾಣ) ಅನ್ನು ಪ್ರೋಟೀನಿನ ಒಳಗಿನ ಲಿಂಕ್‌ಗಳಿಗೆ ಬೇರೆ, ಎರಡು ಪ್ರೋಟೀನ್‌ಗಳ ನಡುವಿನವಕ್ಕೆ ಬೇರೆ ಲೆಕ್ಕ ಹಾಕಿ. ಒಟ್ಟಿಗೆ ಸೇರಿಸಿದರೆ ತಪ್ಪುಗಳೆಲ್ಲ ಎರಡನೆಯದರಲ್ಲೇ ಅಡಗುತ್ತವೆ.

ಕಚ್ಚಾ ಫೈಲ್‌ಗಳು ಪ್ರೈಡ್ ಎಂಬ ಸಾರ್ವಜನಿಕ ಪ್ರೋಟೀನ್ ದತ್ತಾಂಶ ಭಂಡಾರಕ್ಕೆ ಹೋಗಲಿ, ಸರ್ಚ್ ಸೆಟ್ಟಿಂಗ್ಸ್ ಸಮೇತ.