ದುಡಿಯ ದನಿಯೂ ಕೇಳಿಸಲಿ

ಮಾನ್ಯ ಸಂಪಾದಕರೇ,

ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಗೆ ಕಳೆದ ಬಾರಿ, ಊರವರು ಸೇರಿ ಹಾಡಿ ಕುಣಿಯುವ ನಮ್ಮೂರಿನ ಬಯಲಾದ ಮಂದ್‌ಗೆ ಕ್ಯಾಮೆರಾ ಹೊತ್ತು ಬಂದಿದ್ದ ತಂಡವೊಂದು ಕಿರು ಸಾಕ್ಷ್ಯಚಿತ್ರ ತಯಾರಿಸಿ ಯೂಟ್ಯೂಬ್‌ನಲ್ಲಿ ಹಾಕಿದೆ. ಡ್ರೋನ್‌ನಿಂದ ತೆಗೆದ ಮಂಜಿನ ಬೆಟ್ಟಗಳು, ಬಿಳಿ ಹೂ ಬಿಟ್ಟ ಕಾಫಿ ತೋಟ ಎಲ್ಲವೂ ಸೊಗಸಾಗಿವೆ. (ಪುತ್ತರಿಯ ಹೊತ್ತಿಗೆ ಕಾಫಿ ಹಣ್ಣಾಗಿರುತ್ತದೆಯೇ ಹೊರತು ಹೂವಾಗಿರುವುದಿಲ್ಲ ಎಂಬುದು ಬೇರೆ ಮಾತು.) ಆದರೆ ಹಾಡಿನ ಮೇಲೆ ಗಿಟಾರ್ ಸಂಗೀತ ಹೊದಿಸಿರುವುದರಿಂದ, ದುಡಿಯೆಂಬ ಚಿಕ್ಕ ಚರ್ಮವಾದ್ಯದ ನಡುವಿನ ಹುರಿಯನ್ನು ಬಿಗಿಹಿಡಿದು, ಮರುಕ್ಷಣ ಸಡಿಲಿಸಿ ದನಿಯನ್ನು ಏರಿಳಿಸುವ ನಮ್ಮ ಹಿರಿಯರ ಕೈ ಕಾಣುತ್ತದೆ, ದುಡಿ ಮಾತ್ರ ಕೇಳಿಸುವುದಿಲ್ಲ.

ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ಕೊಡವ ಜನಪದ ಹಾಡುಗಳ ಸಂಗ್ರಹ ‘ಪಟ್ಟೋಲೆ ಪಳಮೆ’ಯಿಂದಾಗಿ ಹಾಡುಗಳ ಮಾತು ಉಳಿಯಿತು, ಅವುಗಳ ಲಯವನ್ನೂ ಹಾಡುವವರ ಉಸಿರನ್ನೂ ಪುಸ್ತಕ ಹಿಡಿದಿಡಲಾರದು, ಸಾಕ್ಷ್ಯಚಿತ್ರ ಹಿಡಿಯಬಲ್ಲದು. ಕೊಡವ ಮಹಿಳೆಯರ ಕುಣಿತವಾದ ಉಮ್ಮತ್ತಾಟ್‌ನ ಕಲಾವಿದೆ ರಾಣಿ ಮಾಚಯ್ಯ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದ ಮೇಲೆ ನರ್ತಕರತ್ತ ಕ್ಯಾಮೆರಾಗಳು ತಿರುಗಿರುವುದು ಸಂತೋಷವೇ. ಆದರೆ ಕೊಂಬು ಊದುವ, ವಾಲಗ ನುಡಿಸುವ, ಬಹುಪಾಲು ಬೇರೆ ಸಮುದಾಯಗಳಿಗೆ ಸೇರಿದ ಕಲಾವಿದರು ಚೌಕಟ್ಟಿನ ಅಂಚಿನಲ್ಲೇ ಉಳಿಯುತ್ತಿದ್ದಾರೆ; ಆ ಚಿತ್ರದ ಕೊನೆಯ ಪಟ್ಟಿಯಲ್ಲಿ ಅವರ ಹೆಸರೂ ಇರಲಿಲ್ಲ.

ಕೊಡವ ಸಾಹಿತ್ಯ ಅಕಾಡೆಮಿಯು ಸ್ಥಳೀಯ ಯುವಕ ಯುವತಿಯರಿಗೆ ಧ್ವನಿಮುದ್ರಣದ ತರಬೇತಿ ನೀಡಿ, ಒಬ್ಬ ಕಲಾವಿದರ ಮನೆಯಲ್ಲಿ ನಾಲ್ಕು ದಿನ ಕುಳಿತು ಚಿತ್ರಿಸುವಷ್ಟು ನೆರವು ಒದಗಿಸಲಿ. ಸಿದ್ಧವಾದ ಚಿತ್ರವನ್ನು ಮೊದಲು ಅದೇ ಊರಿನ ಮಂದ್‌ನಲ್ಲಿ ಪರದೆ ಕಟ್ಟಿ ತೋರಿಸಲಿ. ತಪ್ಪಿದ್ದರೆ ಅಲ್ಲಿನ ಹಿರಿಯರೇ ಹೇಳುತ್ತಾರೆ.

– ಓದುಗ, ನಾಪೋಕ್ಲು