ಫಾರ್ಮಸಿ ವಿದ್ಯಾರ್ಥಿಗಳಿಗೆ ಆಸ್ಪತ್ರೆಯ ಬಾಗಿಲು ತೆರೆಯಿರಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ನಮಸ್ಕಾರಗಳು.

ದಾವಣಗೆರೆಯಲ್ಲಿ ಡಿ.ಫಾರ್ಮ (ಫಾರ್ಮಸಿ ಡಿಪ್ಲೊಮಾ) ವಿದ್ಯಾರ್ಥಿಗಳಿಗೆ ಪಾಠ ಹೇಳುವ ಅಧ್ಯಾಪಕನಾಗಿ ಈ ಪತ್ರ ಬರೆಯುತ್ತಿದ್ದೇನೆ. ಈ ಮಕ್ಕಳು ನೋಂದಾಯಿತ ಫಾರ್ಮಸಿಸ್ಟ್ ಆಗುವ ಮುನ್ನ 500 ಗಂಟೆಗಳ ಪ್ರಾಯೋಗಿಕ ತರಬೇತಿ ಪಡೆಯಬೇಕು. ಆ್ಯಂಟಿಬಯೋಟಿಕ್‌ಗಳನ್ನು ಬೇಕಾಬಿಟ್ಟಿ ಬಳಸಿದರೆ ಬ್ಯಾಕ್ಟೀರಿಯಾ ಅವುಗಳಿಗೆ ಬಗ್ಗದಂತಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡು ಕಲಿಯಲೆಂದು, ಅದರಲ್ಲಿ ಒಂದಷ್ಟು ಗಂಟೆಗಳನ್ನು ಅವರು ಜಿಲ್ಲಾ ಆಸ್ಪತ್ರೆಯ ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಮತ್ತು ಸೋಂಕು ನಿಯಂತ್ರಣ ಸಿಬ್ಬಂದಿಯ ಜೊತೆ ಕಳೆಯುವಂತೆ ತಾವು ಆದೇಶ ಮಾಡಬೇಕೆಂಬುದು ನನ್ನ ಕೋರಿಕೆ.

ಆ್ಯಂಟಿಬಯೋಟಿಕ್‌ಗಳ ಬಗ್ಗೆ ಪಠ್ಯದಲ್ಲಿ ಏನೂ ಇಲ್ಲವೆಂದು ನಾನು ದೂರುತ್ತಿಲ್ಲ. ಪೆನಿಸಿಲಿನ್ ಬ್ಯಾಕ್ಟೀರಿಯಾದ ಕೋಶಭಿತ್ತಿ ಕಟ್ಟಿಕೊಳ್ಳಲು ಬಿಡುವುದಿಲ್ಲ, ಟೆಟ್ರಾಸೈಕ್ಲಿನ್ ಪ್ರೋಟೀನ್ ತಯಾರಿಕೆಗೆ ಅಡ್ಡಬರುತ್ತದೆ ಎಂಬುದನ್ನು ನಮ್ಮ ಮಕ್ಕಳು ನಿದ್ದೆಗಣ್ಣಿನಲ್ಲೂ ಹೇಳಬಲ್ಲರು. ಆದರೆ ಅದೇ ಹುಡುಗ ನಾಳೆ ಜಗಳೂರಿನದೋ ಹೊನ್ನಾಳಿಯದೋ ಔಷಧಿ ಅಂಗಡಿಯಲ್ಲಿ ನಿಂತಾಗ, ಸಂಜೆ ಕೂಲಿ ಮುಗಿಸಿ ಬಂದವರೊಬ್ಬರು ಆ್ಯಂಟಿಬಯೋಟಿಕ್ ಆದ ಸೆಫಿಕ್ಸಿಮ್‌ನ ಹಳೆಯ ಸ್ಟ್ರಿಪ್ ತೋರಿಸಿ, "ಅಣ್ಣಾರೆ, ಹೋದ್ ಸಲ ಇದ್ನೇ ತಗಂಡಿದ್ದೆ, ಜ್ವರ ಬಿಟ್ಟಿತ್ತು, ಎರಡು ಕೊಡ್ರಿ ಸಾಕು" ಎನ್ನುತ್ತಾರೆ. ಇಲ್ಲವೆಂದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ವೈದ್ಯರ ಬಳಿ ಹೋಗಿ ಎಂದರೆ ಒಂದು ದಿನದ ಕೂಲಿ ಹೋಗುತ್ತದೆ. ಜ್ವರ ಎಷ್ಟು ದಿನದಿಂದ ಇದೆ, ಉಸಿರಾಟಕ್ಕೆ ತೊಂದರೆ ಇದೆಯೇ ಎಂದು ವಿಚಾರಿಸಿ, ವೈರಾಣುವಿನ ಜ್ವರಕ್ಕೆ ಈ ಮಾತ್ರೆ ಕೆಲಸ ಮಾಡದೆಂದು ಅವರ ಮನಸ್ಸಿಗೆ ನಾಟುವಂತೆ ಹೇಳಿ, ಅಗತ್ಯವಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು ಒಂದು ಕೌಶಲ. ಅದು ಪುಸ್ತಕ ಓದಿದ ಮಾತ್ರಕ್ಕೆ ಕೈಗೂಡುವುದಿಲ್ಲ.

ಕಾನೂನು ಇದ್ದೇ ಇದೆ. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಶೆಡ್ಯೂಲ್ ಎಚ್1ರ (ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ) ಪಟ್ಟಿಯಲ್ಲಿ ಸೆಫಿಕ್ಸಿಮ್ ಇದ್ದು, ಚೀಟಿ ಬರೆದ ವೈದ್ಯರ ಮತ್ತು ರೋಗಿಯ ಹೆಸರು, ಔಷಧದ ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ರಿಜಿಸ್ಟರಿನಲ್ಲಿ ದಾಖಲಿಸಿ ಮೂರು ವರ್ಷ ಕಾಪಾಡಬೇಕು. ಇದನ್ನೇಕೆ ಬರೆಯಬೇಕೆಂದು ಮನವರಿಕೆಯಾಗದವನು ಇನ್‌ಸ್ಪೆಕ್ಟರ್ ಬರುವ ದಿನಕ್ಕಷ್ಟೇ ಬರೆಯುತ್ತಾನೆ.

ಮನವರಿಕೆಯಾಗಬೇಕಾದರೆ ಕಣ್ಣಾರೆ ನೋಡಬೇಕು. ರೋಗಿಯ ಮೂತ್ರದಿಂದಲೋ ಕೀವಿನಿಂದಲೋ ಬೆಳೆಸಿದ ಬ್ಯಾಕ್ಟೀರಿಯಾವನ್ನು ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಲೋಳೆಯಂಥ ಆಹಾರ) ತಟ್ಟೆಯ ಮೇಲೆ ಸವರಿ, ಔಷಧ ಹೀರಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಟ್ಟು ಮರುದಿನ ತೆರೆದರೆ, ಔಷಧ ನಾಟಿದ ಕಡೆ ಬಿಲ್ಲೆಯ ಸುತ್ತ ತಿಳಿಯಾದ ವೃತ್ತ ಕಾಣುತ್ತದೆ. ನಾಟದ ಕಡೆ ಬ್ಯಾಕ್ಟೀರಿಯಾ ಬಿಲ್ಲೆಯ ಅಂಚಿನವರೆಗೂ ಮಬ್ಬಾಗಿ ಹಬ್ಬಿರುತ್ತದೆ. 2019ರಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದ ಜಗತ್ತಿನಲ್ಲಿ ನೇರವಾಗಿ ಸುಮಾರು 12.7 ಲಕ್ಷ ಜನ ಸತ್ತರೆಂಬ ಅಂದಾಜನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದರೂ, ಆ ಒಂದು ತಟ್ಟೆ ಕಲಿಸುವಷ್ಟನ್ನು ಕಲಿಸಲಾರೆ.

ಸೋಂಕು ನಿಯಂತ್ರಣದ ಪಾಠವೂ ವಾರ್ಡಿನಲ್ಲೇ ಆಗಬೇಕು. ಸೋಂಕುನಿವಾರಕವಾದ ಶೇ 4ರ ಹೈಪೋಕ್ಲೋರೈಟ್ ದ್ರಾವಣದ ಒಂದು ಪಾಲಿಗೆ ಮೂರು ಪಾಲು ನೀರು ಬೆರೆಸಿದರೆ ಶೇ 1 ಆಗುತ್ತದೆ ಎಂಬ ಲೆಕ್ಕವನ್ನು ಎಲ್ಲರೂ ಸರಿಯಾಗಿ ಮಾಡುತ್ತಾರೆ. ಆದರೆ ನಿನ್ನೆ ಬೆರೆಸಿಟ್ಟದ್ದು ಇಂದಿಗೆ ಸತ್ವ ಕಳೆದುಕೊಂಡಿರಬಹುದು, ರಕ್ತ ಬಿದ್ದ ನೆಲದಲ್ಲಿ ಅದು ಇನ್ನೂ ಬೇಗ ನಿಷ್ಪ್ರಯೋಜಕವಾಗುತ್ತದೆ ಎಂಬುದು ಬಕೆಟ್ ಹಿಡಿದ ಸಿಬ್ಬಂದಿಯ ಪಕ್ಕದಲ್ಲಿ ನಿಂತಾಗಲೇ ತಲೆಗೆ ಹೋಗುವುದು. ತಡೆದ ಪ್ರತಿಯೊಂದು ಸೋಂಕೂ ಆ್ಯಂಟಿಬಯೋಟಿಕ್‌ನ ಒಂದು ಕೋರ್ಸನ್ನು ಉಳಿಸುತ್ತದೆ.

ಪಠ್ಯಕ್ರಮ ರೂಪಿಸುವುದು ಭಾರತೀಯ ಫಾರ್ಮಸಿ ಪರಿಷತ್ತಿನ ಕೆಲಸವೆಂದು ನಾನು ಬಲ್ಲೆ. ಆದರೆ ಸರ್ಕಾರಿ ಆಸ್ಪತ್ರೆಗಳು ತಮ್ಮ ಇಲಾಖೆಗೇ ಸೇರಿದವು. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಮುಂದಿನ ಬ್ಯಾಚಿನಿಂದಲೇ ಇದನ್ನು ಪ್ರಾಯೋಗಿಕವಾಗಿ ಆರಂಭಿಸಿ, ಆಮೇಲೆ ಚಿತ್ರದುರ್ಗಕ್ಕೆ ವಿಸ್ತರಿಸಬಹುದು. ಆಸ್ಪತ್ರೆಯ ಕೆಲಸಕ್ಕೆ ತೊಡಕಾಗದಂತೆ ಸಣ್ಣ ತಂಡಗಳ ವೇಳಾಪಟ್ಟಿ ಸಿದ್ಧಪಡಿಸುವ ಹೊಣೆಯನ್ನು ಅಧ್ಯಾಪಕರಾದ ನಾವು ಹೊರುತ್ತೇವೆ. ತಾವು ಆಸ್ಪತ್ರೆಯ ಮುಖ್ಯಸ್ಥರಾದ ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ ಲಿಖಿತ ಅನುಮತಿ ಕಳುಹಿಸಿಕೊಡಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಫಾರ್ಮಸಿ ಅಧ್ಯಾಪಕ
ದಾವಣಗೆರೆ